ಸಂಜೆಯಾದರೆ ಆಫ್ ಆಗುವ ಕಂಪ್ಯೂಟರ್: ಮದರ್‌ಬೋರ್ಡ್ ಬದಲಿಸುವ ಮೊದಲು ಗೋಡೆಯ ಸಾಕೆಟ್ ನೋಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ತೋಟದ ಲೆಕ್ಕ, ಕೆಲಸದವರ ಸಂಬಳದ ಪಟ್ಟಿ, ಮಗಳ ಓದು ಎಲ್ಲಕ್ಕೂ ಒಂದೇ ಡೆಸ್ಕ್‌ಟಾಪ್. 2019ರಲ್ಲಿ ಕೊಂಡದ್ದು, ಒಂಬತ್ತನೆಯ ತಲೆಮಾರಿನ ಐ3 ಪ್ರೊಸೆಸರ್. ಫೆಬ್ರವರಿಯಿಂದ ಈಚೆಗೆ ಕೆಲಸ ಮಾಡುತ್ತಿರುವಾಗಲೇ ಥಟ್ಟನೆ ಆಫ್ ಆಗುತ್ತಿದೆ. ಹೆಚ್ಚಾಗಿ ಸಂಜೆ, ಒಮ್ಮೊಮ್ಮೆ ಬೆಳಗಿನ ಜಾವ. ನೀಲಿ ಪರದೆ ಇಲ್ಲ, ಯಾವ ಸಂದೇಶವೂ ಇಲ್ಲ. ಕೆಲವು ಸಲ ತಾನಾಗಿ ಮತ್ತೆ ಆನ್ ಆಗುತ್ತದೆ, ಕೆಲವು ಸಲ ಗುಂಡಿ ಒತ್ತಬೇಕು. ಕರೆಂಟ್ ಹೋಗಿರುವುದಿಲ್ಲ, ಮಾನಿಟರ್ ಉರಿಯುತ್ತಲೇ ಇರುತ್ತದೆ. ಮನೆಗೆ ಇನ್ವರ್ಟರ್ ಇದೆ. ರಿಪೇರಿಯವರು ವಿಂಡೋಸ್ ಹೊಸದಾಗಿ ಹಾಕಿದರು, ರ‍್ಯಾಮ್ ಬದಲಿಸಿದರು. ಈಗ ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ. ಹೊಸ ಕಂಪ್ಯೂಟರನ್ನೇ ಕೊಳ್ಳುವುದು ಒಳ್ಳೆಯದೇ?

ಉತ್ತರ: ಮದರ್‌ಬೋರ್ಡಿಗೆ ಈಗಲೇ ಹಣ ಹಾಕಬೇಡಿ. ಹೊಸ ಕಂಪ್ಯೂಟರಿನ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಟ್ಟದ್ದು ಕಂಪ್ಯೂಟರ್ ಆಫ್ ಆಗುವ ಹೊತ್ತು. ಕಾಟ ಶುರುವಾದದ್ದು ಫೆಬ್ರವರಿಯಲ್ಲಿ, ಕಾಡುವುದು ಸಂಜೆ ಮತ್ತು ಬೆಳಗಿನ ಜಾವ. ಕೆಟ್ಟ ಮದರ್‌ಬೋರ್ಡು ಗಡಿಯಾರ ನೋಡಿಕೊಂಡು ಕೈಕೊಡುವುದಿಲ್ಲ. ಹೊತ್ತಿಗೆ ತಕ್ಕಂತೆ ಏರಿಳಿಯುವುದು ಮನೆಗೆ ಬರುವ ವಿದ್ಯುತ್ತು. ಹೂಮಳೆಗೆ ಕಾಯದೆ ರೋಬಸ್ಟಾ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಹಾಯಿಸುವ ಕಾಲ ಫೆಬ್ರವರಿ, ಮಾರ್ಚ್. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಎಷ್ಟು ಪಂಪ್‌ಸೆಟ್ ಓಡುತ್ತವೆ, ಟಿಸಿಯಿಂದ ನಿಮ್ಮ ಮನೆಗೆ ತೋಟದ ನಡುವೆ ಎಷ್ಟು ಕಂಬ ದಾಟಿ ತಂತಿ ಬಂದಿದೆ ಎಂಬುದು ನಿಮಗೇ ಗೊತ್ತಿರುತ್ತದೆ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ತೋಟದ ಲೆಕ್ಕ, ಸಂಬಳದ ಪಟ್ಟಿ, ಫೋಟೊ, ಮಗಳ ಕಡತ ಎಲ್ಲವನ್ನೂ ಇಂದೇ ಒಂದು ಪೆನ್‌ಡ್ರೈವಿಗೆ ಅಥವಾ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಇಡಿ. ಬರೆಯುತ್ತಿರುವ ಹೊತ್ತಿನಲ್ಲಿ ವಿದ್ಯುತ್ ತಪ್ಪಿದರೆ ತೆರೆದಿರುವ ಕಡತ ಹಾಳಾಗಬಹುದು. ಯಂತ್ರದ ಬಿಡಿಭಾಗ ಯಾವಾಗ ಬೇಕಾದರೂ ಸಿಗುತ್ತದೆ, ಒಂದು ವರ್ಷದ ಲೆಕ್ಕ ಸಿಗುವುದಿಲ್ಲ.

ಇನ್ನು ಮಾನಿಟರಿನ ವಿಚಾರ. ‘ಮಾನಿಟರ್ ಉರಿಯುತ್ತಿದೆ, ಆದ್ದರಿಂದ ಕರೆಂಟ್ ಸರಿಯಿದೆ, ಆದ್ದರಿಂದ ತೊಂದರೆ ಕ್ಯಾಬಿನೆಟ್ಟಿನೊಳಗೆ’ ಎಂಬ ತರ್ಕ ಕೇಳಲು ಸರಿಯಾಗಿದೆ. ನಿಮ್ಮ ರಿಪೇರಿಯವರೂ ಬಹುಶಃ ಹೀಗೇ ಯೋಚಿಸಿದ್ದಾರೆ. ಆದರೆ ಮಾನಿಟರಿನ ಅಡಾಪ್ಟರಿನ ಮೇಲಿರುವ ಸಣ್ಣಕ್ಷರವನ್ನು ಓದಿ. 100-240 ವೋಲ್ಟ್ ಎಂದು ಬರೆದಿರುತ್ತದೆ. ಅದು 130 ವೋಲ್ಟಿನಲ್ಲೂ ಆರಾಮಾಗಿ ಉರಿಯುತ್ತದೆ, ಎಲ್ಇಡಿ ಬಲ್ಬುಗಳೂ ಹಾಗೆಯೇ. ಈಗ ಕಂಪ್ಯೂಟರಿನ ಹಿಂಬದಿಗೆ ಬನ್ನಿ. ವಿದ್ಯುತ್ ತಂತಿ ಸಿಕ್ಕಿಸುವ, ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಉಕ್ಕಿನ ಡಬ್ಬಿಯೇ ಎಸ್‌ಎಂಪಿಎಸ್. ಕಡಿಮೆ ಬೆಲೆಯ ಎಸ್‌ಎಂಪಿಎಸ್‌ಗಳ ಚೀಟಿಯಲ್ಲಿ 200-240 ವೋಲ್ಟ್ ಎಂದಷ್ಟೇ ಇರುವುದುಂಟು. ಚೀಟಿ ಹಿಂದೆ ಕಾಣದಿದ್ದರೆ ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದರೆ ಕಾಣುತ್ತದೆ. ನಿಮ್ಮದರಲ್ಲೂ 200-240 ಎಂದೇ ಇದ್ದರೆ, ವೋಲ್ಟೇಜ್ ಇಳಿದಾಗ ಒಂದೇ ಸಾಕೆಟ್ಟಿನಿಂದ ಕರೆಂಟ್ ಪಡೆಯುವ ಎರಡು ಯಂತ್ರಗಳಲ್ಲಿ ಒಂದು ಸಾಯುತ್ತದೆ, ಇನ್ನೊಂದು ಬದುಕುತ್ತದೆ. ಮನೆಯಲ್ಲಿ ಯಾರಿಗೂ ಕರೆಂಟ್ ಹೋದದ್ದು ಗೊತ್ತೇ ಆಗುವುದಿಲ್ಲ.

ಇದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಎಸ್‌ಎಂಪಿಎಸ್ ಒಳಗೆ 230 ವೋಲ್ಟಿನ ಎಸಿ ವಿದ್ಯುತ್ತು ಮೊದಲು ಸುಮಾರು 325 ವೋಲ್ಟಿನ ಡಿಸಿಯಾಗಿ ಒಂದು ದಪ್ಪ ಕೆಪಾಸಿಟರಿನಲ್ಲಿ ಶೇಖರವಾಗುತ್ತದೆ. ಹೊರಗಿನ ಕರೆಂಟ್ ಒಂದು ಕ್ಷಣ ಕುಸಿದರೆ ಆ ಶೇಖರಣೆಯೇ ಕಂಪ್ಯೂಟರನ್ನು ನಡೆಸಬೇಕು. ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ತಾಳಬೇಕು ಎಂಬುದು ವಿನ್ಯಾಸದ ಮಾನದಂಡ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡ್, ಅಂದರೆ ಇರುವ ಆಸರೆ ಒಂದು ಆವರ್ತಕ್ಕೂ ಸಾಲದು. ಕೆಪಾಸಿಟರಿನಲ್ಲಿ ತುಂಬುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಮನೆಯ ವೋಲ್ಟೇಜ್ 230ರಿಂದ 170ಕ್ಕೆ ಇಳಿದಾಗ ಸಾಧಾರಣ ಎಸ್‌ಎಂಪಿಎಸ್‌ನಲ್ಲಿ ಶೇಖರವಾಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಪಕ್ಕದ ತೋಟದವರು ಮೋಟಾರಿನ ಸ್ವಿಚ್ ಒತ್ತುತ್ತಾರೆ. ಇಂಡಕ್ಷನ್ ಮೋಟಾರು ಶುರುವಾಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಮೊದಲೇ ಸೊರಗಿದ ಲೈನು ಇನ್ನಷ್ಟು ಕುಸಿಯುತ್ತದೆ, ಬಲ್ಬು ತುಸು ಮಂಕಾಗಿ ಮತ್ತೆ ಬೆಳಗುತ್ತದೆ, ಕಂಪ್ಯೂಟರ್ ಆಫ್.

ಕೆಲವು ಸಲ ತಾನೇ ಆನ್ ಆಗುವುದಕ್ಕೂ ಇಲ್ಲೇ ಉತ್ತರವಿದೆ. ವಿದ್ಯುತ್ ಸರಿಯಿದೆ ಎಂದು ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಒಂದು ಸಂಕೇತವನ್ನು ಕಳಿಸುತ್ತಲೇ ಇರುತ್ತದೆ. ಕುಸಿತ ತೀರ ಚಿಕ್ಕದಾಗಿದ್ದರೆ ಆ ಸಂಕೇತ ತಪ್ಪಿ ತಕ್ಷಣ ಮರಳುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆದಂತೆ ಕಾಣುತ್ತದೆ. ಕುಸಿತ ಸ್ವಲ್ಪ ದೀರ್ಘವಾದರೆ ಪೂರ್ತಿ ಆಫ್. ಆಮೇಲೆ ತಾನಾಗಿ ಏಳಬೇಕೇ ಬೇಡವೇ ಎಂಬುದನ್ನು, ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿರುವ ‘ಎಸಿ ಪವರ್ ಲಾಸ್’ ಎಂಬ ಆಯ್ಕೆ ನಿರ್ಧರಿಸುತ್ತದೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ‘ಪವರ್ ಆಫ್’ ಎಂದೇ ಇಡಿ. ಏರಿಳಿಯುತ್ತಿರುವ ಕರೆಂಟಿನಲ್ಲಿ ಯಂತ್ರ ಮೇಲಿಂದ ಮೇಲೆ ಆನ್ ಆಗುವುದು ಡಿಸ್ಕಿಗೆ ಒಳ್ಳೆಯದಲ್ಲ.

ಇಷ್ಟನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಸಾಕ್ಷ್ಯ ಕೂಡಿಸಿ. ಸಾಕ್ಷ್ಯ ವಿಂಡೋಸಿನಲ್ಲೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಹುಡುಕಿ ತೆರೆಯಿರಿ, ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ‘ಕರ್ನಲ್-ಪವರ್ 41’ ಮತ್ತು ‘6008’ ಎಂಬ ನಮೂದುಗಳನ್ನು ನೋಡಿ. 41 ಎಂಬುದನ್ನು ಕಂಡೊಡನೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರಿದ್ದಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಸಲ ವಿಂಡೋಸ್ ಕ್ರಮವಾಗಿ ಮುಚ್ಚಲಿಲ್ಲ. ಕಾರಣ ಬೇಕಿದ್ದರೆ ಅದರ ವಿವರಗಳ ಪುಟ ತೆರೆಯಿರಿ. ‘ಬಗ್‌ಚೆಕ್ ಕೋಡ್’ ಸೊನ್ನೆ ಅಲ್ಲದಿದ್ದರೆ ವಿಂಡೋಸ್ ಕುಸಿದಿದೆ. ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ‘ಪವರ್ ಬಟನ್ ಟೈಮ್‌ಸ್ಟ್ಯಾಂಪ್’ ಸೊನ್ನೆ ಅಲ್ಲದಿದ್ದರೆ ಆನ್ ಮಾಡುವ ಗುಂಡಿ ಒತ್ತಿಹೋಗಿದೆ. ಗುಂಡಿ ಕಚ್ಚಿಕೊಂಡು ನಾಲ್ಕೈದು ಸೆಕೆಂಡ್ ಒಳಗೇ ಉಳಿದರೂ ಯಂತ್ರ ಆಫ್ ಆಗುತ್ತದೆ. ಎರಡೂ ಸೊನ್ನೆಯಾಗಿದ್ದರೆ ವಿಂಡೋಸಿಗೆ ಏನೂ ತಿಳಿಯುವ ಮೊದಲೇ ಎಲ್ಲ ಮುಗಿದಿದೆ. ವಿದ್ಯುತ್ತು ತಪ್ಪಿದೆ ಅಥವಾ ವಿಪರೀತ ಬಿಸಿಯಾಗಿದೆ. 1074 ಎಂಬ ನಮೂದಿದ್ದರೆ ಅಪ್‌ಡೇಟ್ ಅಥವಾ ಯಾವುದೋ ಪ್ರೋಗ್ರಾಂ ಕ್ರಮವಾಗಿಯೇ ಮುಚ್ಚಿಸಿದೆ, ಅದು ರೋಗವಲ್ಲ.

ಹೊತ್ತನ್ನು ಬರೆದುಕೊಳ್ಳುವಾಗ ಒಂದು ಎಚ್ಚರ. 41ರ ಪಕ್ಕದಲ್ಲಿರುವ ಸಮಯ ಮರಳಿ ಆನ್ ಮಾಡಿದ ಸಮಯ. ಆಫ್ ಆದ ಹೊತ್ತು 6008ರ ವಾಕ್ಯದೊಳಗೆ ಇರುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದ್ದರಿಂದ ಫೆಬ್ರವರಿಯ ದಾಖಲೆಗಳು ಅಳಿಸಿಹೋಗಿವೆ, ನನಗೆ ಇದು ಬೇಸರದ ಸಂಗತಿ. ಕಾರಣ ತಿಳಿಯುವ ಮೊದಲು ಫಾರ್ಮ್ಯಾಟ್ ಮಾಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಆದರೂ ಹೊಸ ವಿಂಡೋಸ್, ಬೇರೆ ರ‍್ಯಾಮ್ ಹಾಕಿದ ಮೇಲೂ ಕಾಟ ಮುಂದುವರಿದಿದೆ ಎಂದರೆ ಅವೆರಡರ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು.

ಈಗ ವೋಲ್ಟೇಜ್ ಅಳೆಯಿರಿ. ಸಾಕೆಟ್ಟಿಗೆ ಸಿಕ್ಕಿಸಿದರೆ ಅಂಕಿ ತೋರಿಸುವ ಸಣ್ಣ ವೋಲ್ಟ್‌ಮೀಟರ್ ಚಿಕ್ಕಮಗಳೂರಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ. ಸಾಮಾನ್ಯ ಮನೆಗೆ ಮಲ್ಟಿಮೀಟರಿಗಿಂತ ಅದೇ ಸುರಕ್ಷಿತ, ಲೋಹದ ಮೊನೆ ಹಿಡಿದು ಸಾಕೆಟ್ಟಿಗೆ ಹಾಕುವ ಅಗತ್ಯವಿಲ್ಲ. ಕಂಪ್ಯೂಟರ್ ಇರುವ ಸಾಕೆಟ್ಟಿನಲ್ಲೇ ಹಾಕಿ, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ಪಕ್ಕದಲ್ಲೇ 6008 ಕೊಟ್ಟ ಹೊತ್ತನ್ನೂ ಬರೆಯಿರಿ. ಸಂಜೆ 170, 160 ಎಂದು ಕಂಡು, ಕಂಪ್ಯೂಟರ್ ಅದೇ ಹೊತ್ತಿನಲ್ಲಿ ಆಫ್ ಆಗಿದ್ದರೆ ವಿಚಾರಣೆ ಅಲ್ಲಿಗೆ ಮುಗಿಯಿತು.

ಅಳೆಯುವಾಗ ಅಂಕಿ 260, 280ಕ್ಕೆ ಜಿಗಿಯುತ್ತಿದ್ದರೆ, ಒಂದು ಕೋಣೆಯ ಬಲ್ಬು ಪ್ರಖರವಾಗಿ ಇನ್ನೊಂದರದು ಮಂಕಾಗುತ್ತಿದ್ದರೆ, ತಡಮಾಡದೆ ಮೇನ್ ಸ್ವಿಚ್ ಆಫ್ ಮಾಡಿ ಲೈನ್‌ಮನ್‌ಗೆ ತಿಳಿಸಿ. ಅದು ನ್ಯೂಟ್ರಲ್ ತಂತಿ ಸಡಿಲವಾದ ಲಕ್ಷಣ. ಪೂರ್ತಿ ಕಳಚಿದರೆ ಮನೆಯೊಳಕ್ಕೆ 400ರ ಹತ್ತಿರದ ವೋಲ್ಟೇಜ್ ನುಗ್ಗಬಹುದು. ಆಗ ಕಂಪ್ಯೂಟರ್ ಮಾತ್ರವಲ್ಲ, ಫ್ರಿಜ್ಜೂ ಟಿವಿಯೂ ಸುಡುತ್ತವೆ, ಬೆಂಕಿಯ ಭಯವೂ ಇದೆ.

‘ಮನೆಗೆ ಇನ್ವರ್ಟರ್ ಇದೆ’ ಎಂದಿದ್ದೀರಿ. ಇನ್ವರ್ಟರ್ ಇದ್ದರೆ ಕಂಪ್ಯೂಟರಿಗೆ ಭಯವಿಲ್ಲ ಎಂಬ ನಂಬಿಕೆ ಮಲೆನಾಡಿನಲ್ಲಿ ತುಂಬಾ ಗಟ್ಟಿಯಾಗಿದೆ, ಅದು ಅರ್ಧ ಮಾತ್ರ ನಿಜ. ಇನ್ವರ್ಟರಿನ ಹಿಂಬದಿಯಲ್ಲಿ ಅಥವಾ ಪಕ್ಕದಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ನಾರ್ಮಲ್ ಸ್ಥಾನದಲ್ಲಿ ಅದು ಸುಮಾರು 100ರಿಂದ 290 ವೋಲ್ಟಿನವರೆಗೆ ಬಂದದ್ದನ್ನು ಬಂದ ಹಾಗೆಯೇ ಮನೆಗೆ ಬಿಡುತ್ತದೆ. ಹೊರಗೆ 150 ಇದ್ದರೆ ನಿಮ್ಮ ಕಂಪ್ಯೂಟರಿಗೂ 150. ಪೂರ್ತಿ ಹೋದಾಗ ಬ್ಯಾಟರಿಗೆ ಬದಲಾಗುವುದೂ ನಿಧಾನ. ಯುಪಿಎಸ್ ಸ್ಥಾನದಲ್ಲಿ ಸುಮಾರು 180ಕ್ಕಿಂತ ಇಳಿದರೆ ಬ್ಯಾಟರಿಗೆ ಬದಲಾಗುತ್ತದೆ, ಬದಲಾಗುವುದೂ ಬೇಗ. ಮೊದಲು ಈ ಸ್ವಿಚ್ಚನ್ನು ನೋಡಿ, ನಾರ್ಮಲ್‌ನಲ್ಲಿದ್ದರೆ ಯುಪಿಎಸ್ ಕಡೆಗೆ ತಿರುಗಿಸಿ. ಕಂಪ್ಯೂಟರಿನ ಸಾಕೆಟ್ ಇನ್ವರ್ಟರಿನ ಲೈನಿಗೆ ಸೇರಿದೆಯೇ ಎಂಬುದನ್ನೂ ವೈರಿಂಗ್ ಮಾಡಿದವರಲ್ಲಿ ಕೇಳಿ. ಎಷ್ಟೋ ಮನೆಗಳಲ್ಲಿ ದೀಪ, ಫ್ಯಾನುಗಳು ಮಾತ್ರ ಸೇರಿರುತ್ತವೆ.

ಇದರಿಂದ ಒಂದು ಹೊಸ ತೊಂದರೆ ಬರಬಹುದು ಎಂಬುದನ್ನೂ ಹೇಳಬೇಕು. ನಿಮ್ಮಲ್ಲಿ ಸಂಜೆ ಪೂರ್ತಿ 180ಕ್ಕಿಂತ ಕೆಳಗಿದ್ದರೆ, ಯುಪಿಎಸ್ ಸ್ಥಾನದಲ್ಲಿರುವ ಇನ್ವರ್ಟರ್ ಅಷ್ಟೂ ಹೊತ್ತು ಬ್ಯಾಟರಿಯಲ್ಲೇ ಓಡುತ್ತದೆ. ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಬರಿದಾಗಿರುತ್ತದೆ. ಅಂಥ ಮನೆಗೆ ನಾನು ಸೂಚಿಸುವುದು ಕಂಪ್ಯೂಟರಿಗೇ ಮೀಸಲಾದ, ವೋಲ್ಟೇಜ್ ಸರಿಪಡಿಸುವ ಎವಿಆರ್ ಇರುವ ಲೈನ್ ಇಂಟರ್‌ಆ್ಯಕ್ಟಿವ್ ಯುಪಿಎಸ್. ಇವು ಬ್ಯಾಟರಿಯನ್ನು ಮುಟ್ಟದೆಯೇ ಕಡಿಮೆ ವೋಲ್ಟೇಜನ್ನು ಎತ್ತಿ ಕೊಡುತ್ತವೆ. ಎಷ್ಟು ಕೆಳಗಿನವರೆಗೆ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, 145 ಅಥವಾ ಅದಕ್ಕಿಂತ ಕೆಳಗಿನಿಂದ ಶುರುವಾಗುವುದನ್ನು ಆರಿಸಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮಂಥ ಐ3 ಯಂತ್ರಕ್ಕೆ 600 ವಿಎ ಸಾಮರ್ಥ್ಯದ್ದು ಸಾಕು. ಅದಕ್ಕೆ ಲೇಸರ್ ಪ್ರಿಂಟರ್ ಮಾತ್ರ ಸಿಕ್ಕಿಸಬೇಡಿ. ಪ್ರಿಂಟರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಕೈಚೆಲ್ಲಿ ಕಂಪ್ಯೂಟರನ್ನೂ ಆಫ್ ಮಾಡುತ್ತದೆ. ಇಂಥ ಯುಪಿಎಸ್‌ಗಳ 12 ವೋಲ್ಟಿನ ಸಣ್ಣ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಆರು ತಿಂಗಳಿಗೊಮ್ಮೆ ಎಲ್ಲ ಕಡತಗಳನ್ನೂ ಮುಚ್ಚಿ, ಯುಪಿಎಸ್‌ಗೆ ಬರುವ ಸ್ವಿಚ್ ಆಫ್ ಮಾಡಿ, ಕಂಪ್ಯೂಟರ್ ಕೆಲವು ನಿಮಿಷ ನಿಲ್ಲುತ್ತದೆಯೇ ನೋಡಿ. ನಯವಾದ ಅಲೆಯ ಬದಲು ಒರಟು ಚೌಕದ ಅಲೆಯ ಕರೆಂಟ್ ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಹಿಂದೆ ಯುಪಿಎಸ್ ಹಾಕಿದರೆ, ಇನ್ವರ್ಟರ್ ಕೊಡುವ ಕರೆಂಟನ್ನು ಯುಪಿಎಸ್ ಒಪ್ಪದೆ ತನ್ನ ಬ್ಯಾಟರಿಯನ್ನೇ ಮುಗಿಸಿಕೊಳ್ಳುವುದುಂಟು. ಆದ್ದರಿಂದ ಯುಪಿಎಸ್ಸನ್ನು ನೇರ ಲೈನಿಗೆ ಕೊಡಿ.

ಒಂದು ರೂಪಾಯಿಯೂ ಬೇಡದ ಇನ್ನೊಂದು ಪರೀಕ್ಷೆ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಮೂಡಿಗೆರೆ ಅಥವಾ ಚಿಕ್ಕಮಗಳೂರು ಪಟ್ಟಣದಲ್ಲಿ ನಿಮ್ಮ ನೆಂಟರ ಮನೆ ಇದ್ದೀತು. ಕ್ಯಾಬಿನೆಟ್ಟನ್ನು ಅಲ್ಲಿಗೆ ಒಯ್ದು ಎರಡು ಮೂರು ದಿನ, ಸಂಜೆಯ ಹೊತ್ತೂ ಸೇರಿದಂತೆ, ಎಂದಿನಂತೆ ಕೆಲಸ ಮಾಡಿ. ಅಲ್ಲಿ ಒಮ್ಮೆಯೂ ಆಫ್ ಆಗದಿದ್ದರೆ ಮದರ್‌ಬೋರ್ಡಿನ ಮೇಲಿನ ಆರೋಪ ಬಿದ್ದುಹೋಯಿತು. ಅಲ್ಲೂ ಆಫ್ ಆದರೆ ಮಾತ್ರ ಕ್ಯಾಬಿನೆಟ್ ತೆರೆಯುವ ಕೆಲಸ.

ತೆರೆದಾಗ ಮೊದಲು ನೋಡಬೇಕಾದದ್ದು ಬಿಸಿ. ಬಿಸಿಯಿಂದ ಆಫ್ ಆಗುವ ಕಂಪ್ಯೂಟರಿನ ನಡತೆ ಬೇರೆ. ಹೊತ್ತಿನ ಹಂಗಿಲ್ಲ, ಭಾರದ ಕೆಲಸ ಕೊಟ್ಟ ಹತ್ತಿಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ, ತಕ್ಷಣ ಆನ್ ಮಾಡಿದರೆ ಎರಡನೆಯ ಸಲ ಇನ್ನೂ ಬೇಗ. ಆಫ್ ಆಗುವ ಮೊದಲು ನಿಧಾನವಾಗಿರುತ್ತದೆ, ಏಕೆಂದರೆ ನಿಮ್ಮ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರವಾದಾಗ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದಾಗ ವಿದ್ಯುತ್ತು ಕಡಿದುಕೊಳ್ಳುತ್ತದೆ. ಎಚ್‌ಡಬ್ಲ್ಯುಇನ್‌ಫೋ ಎಂಬ ಉಚಿತ ತಂತ್ರಾಂಶದಲ್ಲಿ ತಾಪ ನೋಡಬಹುದು. ಕೆಲಸದ ನಡುವೆ 80ರೊಳಗಿದ್ದರೆ ಚಿಂತೆಯಿಲ್ಲ, ಸುಮ್ಮನಿದ್ದಾಗಲೇ 70 ದಾಟಿದ್ದರೆ ಫ್ಯಾನು ಬಿಚ್ಚಿ ನೋಡಬೇಕು. ಪ್ರೊಸೆಸರಿನ ಜೊತೆಗೇ ಬಂದ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಕಾಲೊಂದು ಮೇಲೆದ್ದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ, ಬಿಸಿ ಮಾತ್ರ ಇಳಿಯುವುದಿಲ್ಲ. ಬಿಚ್ಚಿದ ಮೇಲೆ ಪ್ರೊಸೆಸರಿನ ಬಿಸಿಯನ್ನು ಮೇಲಕ್ಕೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ಹೊಸದನ್ನು ಒಂದು ಸಣ್ಣ ಹನಿಯಷ್ಟು ಹಾಕಿ. ಧೂಳು ತೆಗೆಯುವಾಗ ಪ್ಲಗ್ ಕಿತ್ತಿರಲಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಮೃದುವಾದ ಬ್ರಷ್ ಬಳಸಿ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಅರಸೀಕೆರೆಯ ಕಡೆ ಏಪ್ರಿಲ್‌ನಲ್ಲಿ ಇದೇ ಪ್ರಶ್ನೆ ಬಂದಿದ್ದರೆ ನಾನು ಧೂಳು, ಬಿಸಿಲಿನಿಂದಲೇ ಶುರುಮಾಡುತ್ತಿದ್ದೆ. ಸಕಲೇಶಪುರದಿಂದ ಜುಲೈನಲ್ಲಿ ಬಂದಿದ್ದರೆ ತೇವದಿಂದ. ಮಳೆಗಾಲದಲ್ಲಿ ರ‍್ಯಾಮಿನ ಹೊಂಬಣ್ಣದ ಅಂಚು ಮಸುಕಾಗುತ್ತದೆ, ಗುಂಡಿ ಕಚ್ಚಿಕೊಳ್ಳುತ್ತದೆ, ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಮತ್ತು ಇರುವೆಗಳು ಎಸ್‌ಎಂಪಿಎಸ್ ಒಳಗೆ ಸೇರಿ ಶಾರ್ಟ್ ಮಾಡುತ್ತವೆ. ಕ್ಯಾಬಿನೆಟ್ಟಿನ ಹಿಂಬದಿಯ ಖಾಲಿ ಕಿಂಡಿಗಳಿಗೆ ತಗಡಿನ ಮುಚ್ಚಳ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ತೇವ ಆರುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಸಾಕೆಟ್ಟಿಗೆ ಅರ್ಥ್ ಇಲ್ಲವೆಂದೇ ಅರ್ಥ, ಅದನ್ನು ಎಲೆಕ್ಟ್ರಿಷಿಯನ್ನಿಂದ ಸರಿಪಡಿಸಲೇಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಿ, ತಾಮ್ರದ ದೂರವಾಣಿ ತಂತಿಯಲ್ಲಿ ಬರುವ ಇಂಟರ್ನೆಟ್ ಇದ್ದರೆ ಮೋಡೆಮ್ಮಿನಿಂದ ಅದನ್ನೂ ಬಿಡಿಸಿ.

ಬಿಸಿಯೂ ಇಲ್ಲ, ಹಲ್ಲಿಯೂ ಇಲ್ಲ, ಪಟ್ಟಣದಲ್ಲೂ ಆಫ್ ಆಗುತ್ತಿದೆ ಎಂದರೆ ಮುಂದಿನ ಸರದಿ ಎಸ್‌ಎಂಪಿಎಸ್‌ನದು. ವರ್ಷಗಟ್ಟಲೆ ಕಡಿಮೆ ವೋಲ್ಟೇಜಿನಲ್ಲಿ ದುಡಿದ ಎಸ್‌ಎಂಪಿಎಸ್ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ಎಳೆದು, ಹೆಚ್ಚು ಬಿಸಿಯಾಗಿ, ಕೆಪಾಸಿಟರ್‌ಗಳನ್ನು ಬೇಗ ಮುದಿಯಾಗಿಸಿಕೊಂಡಿರುತ್ತದೆ. ರಿಪೇರಿಯವರಲ್ಲಿ ಸರಿಯಾಗಿರುವ ಇನ್ನೊಂದನ್ನು ಹಾಕಿ ಕೆಲವು ದಿನ ಓಡಿಸಲು ಕೇಳಿ. ಮಲ್ಟಿಮೀಟರ್ ಇದ್ದವರು ಯಂತ್ರ ಕೆಲಸ ಮಾಡುತ್ತಿರುವಾಗ ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟಿನೊಳಗೆ ಬರುತ್ತಿದೆಯೇ ನೋಡಬಹುದು, ಆದರೆ ಕ್ಷಣದ ಕುಸಿತವನ್ನು ಮೀಟರ್ ಹಿಡಿಯುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಅದು ಪ್ರಾಣಕ್ಕೇ ಅಪಾಯ. ಹೊಸದನ್ನು ಕೊಳ್ಳುವುದಾದರೆ ದೊಡ್ಡ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ, ನಿಮ್ಮ ಯಂತ್ರಕ್ಕೆ 150 ವ್ಯಾಟೂ ಬೇಕಾಗುವುದಿಲ್ಲ. 80 ಪ್ಲಸ್ ಎಂಬ ದಕ್ಷತೆಯ ಗುರುತು, ಇನ್‌ಪುಟ್ 100-240 ವೋಲ್ಟ್, ಆ್ಯಕ್ಟಿವ್ ಪಿಎಫ್‌ಸಿ (ಹೊರಗಿನ ವೋಲ್ಟೇಜ್ ಇಳಿದರೂ ಒಳಗಿನ ಶೇಖರಣೆಯನ್ನು ಕಾಯುವ ಏರ್ಪಾಡು), ಈ ಮೂರೂ ಚೀಟಿಯಲ್ಲಿದ್ದರೆ ತೆಗೆದುಕೊಳ್ಳಿ. ಕಡಿಮೆ ವೋಲ್ಟೇಜಿನ ಊರಿಗೆ ಇದು ಯುಪಿಎಸ್‌ನಷ್ಟೇ ಮುಖ್ಯವಾದ ಖರ್ಚು. ಹಳೆಯದೇ ಉಳಿದರೂ ಯುಪಿಎಸ್ ಬೇಕು, ಇದು ಬಂದರೂ ಕರೆಂಟ್ ಪೂರ್ತಿ ಹೋಗುವ ಊರಿನಲ್ಲಿ ಯುಪಿಎಸ್ ಬೇಕು.

ವೋಲ್ಟೇಜಿನ ದೂರನ್ನೂ ಕೊಡಿ. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನದವರಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಸಹಾಯವಾಣಿ 1912. ಬರಿಬಾಯಲ್ಲಿ ‘ಕರೆಂಟ್ ಡಿಮ್ ಇದೆ’ ಎನ್ನುವುದಕ್ಕಿಂತ ಒಂದು ವಾರದ ಅಂಕಿಗಳ ಹಾಳೆಯನ್ನು ಸೇರಿಸಿ, ಅದೇ ಟಿಸಿಯ ಅಕ್ಕಪಕ್ಕದವರೂ ಸಹಿ ಹಾಕಿ ಶಾಖಾ ಕಚೇರಿಗೆ ಬರೆದು ಕೊಟ್ಟರೆ ಟಿಸಿಯ ಹೊರೆ ಪರಿಶೀಲಿಸುವಂತೆ ಕೇಳಲು ಆಧಾರವಿರುತ್ತದೆ. ನಿಮ್ಮ ಪಂಪ್‌ಸೆಟ್ಟಿನ ಮೋಟಾರಿಗೂ ಇದರಿಂದ ಆಯುಸ್ಸು ಹೆಚ್ಚುತ್ತದೆ.

ಇಷ್ಟೆಲ್ಲ ಆದ ಮೇಲೂ, ಬೇರೆ ಊರಿನಲ್ಲಿ, ಬೇರೆ ಎಸ್‌ಎಂಪಿಎಸ್‌ನಲ್ಲಿ, ತಾಪ ಸರಿಯಿದ್ದಾಗಲೂ ಆಫ್ ಆದರೆ ರಿಪೇರಿಯವರ ಮಾತನ್ನು ಒಪ್ಪೋಣ. ಆಗಲೂ ಇಡೀ ಕಂಪ್ಯೂಟರ್ ಬದಲಿಸಬೇಕಿಲ್ಲ. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಮಾನಿಟರ್ ಎಲ್ಲವೂ ಉಳಿಯುತ್ತವೆ. ನಿಮ್ಮ ಐ3 ವಿಂಡೋಸ್ 11ಕ್ಕೂ ಅರ್ಹವಾಗಿರುವುದರಿಂದ ಅದನ್ನು ಉಳಿಸಿಕೊಳ್ಳುವುದು ಲಾಭವೇ. ಬೋರ್ಡ್ ಕೊಳ್ಳುವಾಗ 1151 ಸಾಕೆಟ್ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಎಂದಷ್ಟೇ ಹೇಳಿ ತರಬೇಡಿ. ಆರು, ಏಳನೆಯ ತಲೆಮಾರಿನ ಬೋರ್ಡುಗಳೂ 1151ರವೇ, ನೋಡಲು ಒಂದೇ, ಆದರೆ ಒಂಬತ್ತನೆಯ ತಲೆಮಾರಿನ ಪ್ರೊಸೆಸರ್ ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಎಚ್310, ಬಿ360, ಬಿ365ರಂಥ 300 ಸರಣಿಯ ಬೋರ್ಡನ್ನೇ ಕೇಳಿ. ಅಂಗಡಿಗೆ ಹೋಗುವಾಗ ಹಳೆಯ ರ‍್ಯಾಮನ್ನೂ ಒಯ್ದು, ಹೊಸ ಬೋರ್ಡು ಡಿಡಿಆರ್4 ರ‍್ಯಾಮನ್ನೇ ತೆಗೆದುಕೊಳ್ಳುತ್ತದೆಯೇ ಎಂದು ಅಲ್ಲೇ ಹಾಕಿಸಿ ನೋಡಿ.